ಒಯಾಕೊದೊನ್ ಅವರ ಹೆಸರಿನ ಮೇಲೊಂದು ಫಿರ್ಯಾದು

ಶ್ರೀಮತಿ ಮತ್ತು ಚಿರಂಜೀವಿ ಒಯಾಕೊದೊನ್ ಅವರಿಗೆ,
ಸ್ವಂತ ಊರು ಜಪಾನ್,
ಹಾಲಿ ವಾಸ ಮುನಿತಾಯಮ್ಮ ಮಿಲಿಟರಿ ಹೋಟೆಲ್, ಮೂಡಲಪಾಳ್ಯ, ಬೆಂಗಳೂರು.

ಮಾನ್ಯರೇ,

ಮೂಡಲಪಾಳ್ಯದ ಸಮಸ್ತ ಮಾಂಸಾಹಾರಿ ನಾಗರಿಕರ ಪರವಾಗಿ, ಅವರಲ್ಲಿ ಒಬ್ಬರೂ ನನಗೆ ಅಂಥ ಅಧಿಕಾರ ಕೊಟ್ಟಿಲ್ಲವಾದರೂ, ತಮಗೆ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದೂ, ಅನ್ನದ ಮೇಲೆ ಬಿಸಿಬಿಸಿಯಾಗಿಯೇ ವಿರಾಜಮಾನರಾಗಿದ್ದೀರೆಂದೂ ನಂಬಿದ್ದೇನೆ. ಮೊದಲಿಗೇ ಒಂದು ತೊಡಕನ್ನು ಒಪ್ಪಿಕೊಂಡುಬಿಡುತ್ತೇನೆ: ತಮ್ಮನ್ನು ಹೇಗೆ ಸಂಬೋಧಿಸಬೇಕೆಂದು ನನಗೆ ತಿಳಿಯದು. ತಮ್ಮ ಹೆಸರಿನಲ್ಲಿ 'ಒಯಾ' ಎಂದರೆ ಹೆತ್ತವರು, 'ಕೊ' ಎಂದರೆ ಮಗು, 'ದೊನ್' ಎಂದರೆ ಬಟ್ಟಲು ಎಂದು ಜಪಾನಿ ಭಾಷೆ ಕಲಿತ ನನ್ನ ಮಗಳು ಹೇಳುತ್ತಾಳೆ. ಕೋಳಿ ತಾಯಿಯಂತೆ, ಮೊಟ್ಟೆ ಮಗುವಂತೆ, ಇಬ್ಬರೂ ಒಂದೇ ಬಟ್ಟಲಿನಲ್ಲಿ ಅನ್ನದ ಮೇಲೆ ಮಲಗಿರುವುದರಿಂದ ಈ ಹೆಸರಂತೆ. ತಾಯಿಗೆ 'ತಾವು' ಎನ್ನಬೇಕು, ಮಗುವಿಗೆ 'ನೀನು' ಎಂದರೆ ಸಾಕು. ಒಂದೇ ಬಟ್ಟಲಿಗೆ ಎರಡನ್ನೂ ಬಳಸಿದರೆ ಓದುವವರು ನನ್ನ ತಲೆಯ ಬಗ್ಗೆಯೇ ಅನುಮಾನಪಡುತ್ತಾರೆ. ಆದಕಾರಣ ಮೊಟ್ಟೆಯವರಿಗೂ ಬಹುವಚನವನ್ನೇ ಹಾಕಿದ್ದೇನೆ, ಅವರು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು.

ನನ್ನ ಫಿರ್ಯಾದು ಚಿಕ್ಕದು. ತಮ್ಮ ಹೆಸರಿನ ದೆಸೆಯಿಂದ ನನ್ನ ಹೆತ್ತ ತಾಯಿ ಮುನಿತಾಯಮ್ಮನವರು ಸೌಟು ಕೆಳಗಿಟ್ಟು, ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೆಂಗೇರಿ ಉಪನಗರದಲ್ಲಿರುವ ತಮ್ಮ ತಂಗಿ ಅಂಜಮ್ಮನ ಮನೆಗೆ ಹೊರಟುಹೋಗಿದ್ದಾರೆ. ಕಣ್ಣಿನ ಗೊಂಬೆಯಂತೆ ಸಾಕಿದ ಮೊಮ್ಮಗಳ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಅಮ್ಮ ನನಗೆ ವಾಪಸು ಬೇಕು. ಮುಂದೆ ಬರೆಯುವುದೆಲ್ಲ ಇದರ ವಿವರಣೆ ಅಷ್ಟೆ.

ತಾವು ಬಂದಾಗಿನಿಂದ ಒಲೆಯ ಮೇಲೇ ಇರುವುದರಿಂದ ನಮ್ಮ ಹೋಟೆಲಿನ ಪೂರ್ವೋತ್ತರ ತಮಗೆ ತಿಳಿದಿರಲಿಕ್ಕಿಲ್ಲ. ನಾನಿನ್ನೂ ಚಡ್ಡಿ ಹಾಕಿಕೊಂಡು ಮೂಗು ಸುರಿಸುತ್ತಿದ್ದ ಕಾಲದಲ್ಲಿ ಅಮ್ಮ ಒಂದು ಸೀಮೆಎಣ್ಣೆ ಸ್ಟೌವ್ ಇಟ್ಟುಕೊಂಡು ಇದನ್ನು ಶುರುಮಾಡಿದರು. ಈಗ ಗಲ್ಲಾದ ಮೇಲೆ ನಾನು, ಅಂದರೆ ಮಹೇಶ್, ಮಾಲೀಕನ ಹಾಗೆ ಕೂರುತ್ತೇನೆ. ನನ್ನ ಹೆಂಡತಿ ಕಲಾ ಲೆಕ್ಕವನ್ನೂ ನನ್ನನ್ನೂ ನೋಡಿಕೊಳ್ಳುತ್ತಾಳೆ. ಆದರೆ ಹೋಟೆಲು ಎಂದರೆ ಅಮ್ಮ. ನಾಟಿ ಕೋಳಿ ಸಾರಿಗೆ ಮಸಾಲೆ ಹುರಿಯುವಾಗ ಅವರು ಒಬ್ಬರನ್ನೂ ಹತ್ತಿರ ಸೇರಿಸುವುದಿಲ್ಲ, ಚಂದ್ರಾ ಲೇಔಟಿನಿಂದ ಕಾರು ಹಾಕಿಕೊಂಡು ಬರುವವರೂ ಮುದ್ದೆ ನುಂಗಿ 'ಅಮ್ಮಾ, ಇನ್ನೊಂಚೂರು ಸಾರು' ಎಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಹೋಟೆಲಿಗೆ ಅಮ್ಮ ಹಾಕಿದ ಕಟ್ಟಳೆ ಒಂದೇ. ಬಂದವರನ್ನೆಲ್ಲ ಕೂರಿಸಿ, ಸ್ಟೀಲ್ ತಟ್ಟೆಯಲ್ಲಿ ಬಡಿಸಬೇಕು. ಪಾರ್ಸಲ್ ಬೇಕೆನ್ನುವವರು ಮನೆಯಿಂದ ಡಬ್ಬಿ ತರಬೇಕು. ಊರಿಗೆ ಊರೇ ದೊನ್ನೆ ಬಿರಿಯಾನಿ ಎಂದು ಕುಣಿಯುವ ಈ ಬೆಂಗಳೂರಿನಲ್ಲಿ, ಆ ಎಲೆಯ ಬಟ್ಟಲಿಗೆ ನಮ್ಮ ಹೊಸ್ತಿಲೊಳಗೆ ಪ್ರವೇಶವಿಲ್ಲ. ಪಾತ್ರೆ ತೊಳೆಯುವ ಕಷ್ಟ ನೋಡಲಾರದೆ ಕಲಾ ಒಮ್ಮೆ ದೊನ್ನೆಯ ಮಾತೆತ್ತಿದಳು; ಅಮ್ಮ ತಿರುಗಿ ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲೇ ನುಂಗಿಕೊಂಡಳು. ವಯಸ್ಸಾದವರ ಹಟ ಎಂದುಕೊಂಡು ನಾನೂ ಸುಮ್ಮನಿದ್ದೆ.

ತಮ್ಮನ್ನು ಈ ಮನೆಗೆ ಕರೆತಂದವಳು ನನ್ನ ಮಗಳು ಸಂಘಮಿತ್ರಾ. ಅವಳು ಮೈಸೂರು ರಸ್ತೆಯ ಆಚೆ ಒಂದು ಜಪಾನಿ ಕಾರ್ಖಾನೆಯಲ್ಲಿ ದುಭಾಷಿ. ಅಲ್ಲಿನ ಮೇಲಧಿಕಾರಿಗಳು ಜಪಾನಿಯಲ್ಲಿ ಬೈದದ್ದನ್ನು ಕನ್ನಡದಲ್ಲಿ ಮೃದುಮಾಡಿ, ಕಾರ್ಮಿಕರು ಕನ್ನಡದಲ್ಲಿ ಬೈದದ್ದನ್ನು ಜಪಾನಿಯಲ್ಲಿ ಧನ್ಯವಾದವಾಗಿಸಿ, ಎರಡು ದೇಶಗಳ ಸ್ನೇಹವನ್ನು ದಿನವಿಡೀ ಕಾಪಾಡುತ್ತಾಳೆ. ಒಂದು ಭಾನುವಾರ ಅವಳು ಅಜ್ಜಿಯನ್ನು ಒಲೆಯಿಂದ ಎಬ್ಬಿಸಿ, ಗೋಬಿ ಮಂಚೂರಿ ಗಾಡಿಯವನ ಹತ್ತಿರ ಒಂದು ಲೋಟ ಸೋಯಾ ಸಾಸ್ ಬೇಡಿ ತಂದು, ಈರುಳ್ಳಿ, ಸಕ್ಕರೆಯೊಡನೆ ಕೋಳಿಯನ್ನು ಅದರಲ್ಲಿ ಬೇಯಿಸಿ, ಮೇಲೆ ಮೊಟ್ಟೆ ಒಡೆದು ಹೊಯ್ದು, ಅರ್ಧ ಬೆಂದಾಗಲೇ ಇಳಿಸಿಬಿಟ್ಟಳು. ತಮಗೆ ಅಂಟಿಕೊಳ್ಳುವ ಅನ್ನವೇ ಆಗಬೇಕಂತೆ. ನಮ್ಮ ಸೋನಾ ಮಸೂರಿ ಉದುರುದುರಾಗಿ ನಿಂತು ಕೈಕೊಟ್ಟಿತು. ಕೊನೆಗೆ ಯಾರೂ ಮೂಸಿ ನೋಡದ ರೇಷನ್ ಅಕ್ಕಿಯೇ ತಮ್ಮ ಮರ್ಯಾದೆ ಉಳಿಸಿತು. ಸತ್ಯ ಹೇಳುತ್ತೇನೆ, ತಾವು ಬಹಳ ರುಚಿಯಾಗಿದ್ದಿರಿ. ನಾನು ಬಟ್ಟಲು ನೆಕ್ಕಿದೆ. ಅಮ್ಮ "ಪರ್ವಾಗಿಲ್ಲ ಕಣೇ, ಬಾಣಂತೀರಿಗೆ ಕೊಡಂಗೈತೆ, ಖಾರ ಒಂದಿಲ್ಲ" ಎಂದು ಮೂಗು ಮುರಿಯುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು.

ಅಲ್ಲಿಗೆ ತಾವು ಬಾಯಿ ಮುಚ್ಚಿಕೊಂಡಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ನನ್ನ ಮಗಳಿಗೆ ಯಾವ ಪದ ಸಿಕ್ಕರೂ ಅದರ ಅರ್ಥ ಹೇಳದಿದ್ದರೆ ಉಂಡದ್ದು ಕರಗುವುದಿಲ್ಲ. ತಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು. ಅಮ್ಮನ ಕೈ ಬಾಯಿಯ ಹತ್ತಿರವೇ ನಿಂತಿತು. "ಅಂದ್ರೆ ತಾಯಿನೂ ಮಗೂನೂ ಒಂದೇ ಪಾತ್ರೇಲಿ ಬೇಯಿಸ್ಬುಟ್ಟು ಹೆಸರು ಬೇರೆ ಇಟ್ಟವ್ರಾ? ಅಯ್ಯೋ, ಬಾಯಿ ಹೆಂಗ್ ಬಂತು ಅವ್ರಿಗೆ!" ಎಂದು ಎದ್ದು ಕೈ ತೊಳೆದುಕೊಂಡರು.

ಮಾನ್ಯರೇ, ಇಲ್ಲಿ ನ್ಯಾಯವಾಗಿ ತಮ್ಮ ಪರವಾಗಿಯೂ ಎರಡು ಮಾತು ಹೇಳಬೇಕು. ಹೀಗೆ ಎದ್ದುಹೋದ ಮುನಿತಾಯಮ್ಮನವರು ಜೀವಮಾನದಲ್ಲಿ ಸಾರಿಗೆ ಇಳಿಸಿದ ಕೋಳಿಗಳಿಗೆ ಲೆಕ್ಕವಿಲ್ಲ. ನಾಟಿ ಕೋಳಿ ಕೊಯ್ದಾಗ ಒಳಗೆ ಇನ್ನೂ ಇಡದ ಎಳೆಮೊಟ್ಟೆಗಳ ಗೊಂಚಲು ಸಿಕ್ಕರೆ, ಅದನ್ನು ಸಾರಿನಲ್ಲೇ ಬೇಯಿಸಿ, ಯಾರ ಕಣ್ಣಿಗೂ ಬೀಳದಂತೆ ಎತ್ತಿಟ್ಟು, ಮೊಮ್ಮಗಳಿಗೆಂದೇ ತಿನ್ನಿಸುತ್ತಿದ್ದವರು ಇವರೇ. ಅವಳಿಗೂ ಮೊದಲು, ಬಾಲ್ಯದಲ್ಲಿ ಅದೇ ಗೊಂಚಲಿಗಾಗಿ ನಾನೂ ನನ್ನ ತಮ್ಮನೂ ಬಡಿದಾಡಿಕೊಂಡಿದ್ದೇವೆ. ತಾಯಿ ಮಗುವನ್ನು ನಾವು ತಲೆಮಾರುಗಳಿಂದ ಒಟ್ಟಿಗೇ ತಿನ್ನುತ್ತಿದ್ದೇವೆ, ಹೆಸರಿಡುವ ಗೋಜಿಗೆ ಹೋಗಿರಲಿಲ್ಲ ಅಷ್ಟೆ. ತಾವು ಮಾಡಿದ ತಪ್ಪು ಅದೊಂದೇ: ಮಾಡುವುದನ್ನೇ ಮಾಡಿ, ಬಾಯಿಬಿಟ್ಟು ಹೇಳಿಬಿಟ್ಟಿರಿ.

ಇನ್ನು ಆ ಹೆಸರಾದರೂ ನಿಜವೇ ಎಂದರೆ, ಅದೂ ಇಲ್ಲ. ತಮ್ಮ ಬಟ್ಟಲಿಗೆ ಬಿದ್ದ ಕೋಳಿ ಸುಂಕದಕಟ್ಟೆಯ ಅಂಗಡಿಯದು, ಮೊಟ್ಟೆ ಎಲ್ಲಿಂದಲೋ ಲಾರಿಯಲ್ಲಿ ಟ್ರೇ ಏರಿ ಬಂದದ್ದು; ಇಬ್ಬರೂ ಬಾಣಲೆಯಲ್ಲಿ ಭೇಟಿಯಾಗುವ ಮೊದಲು ಪರಸ್ಪರ ಮುಖ ನೋಡಿದವರಲ್ಲ. ಅದಿರಲಿ, ಬ್ರಾಯ್ಲರ್ ಕೋಳಿ ಎಂಬುದು ತಾಯಿಯಾಗುವ ವಯಸ್ಸಿಗೆ ಬರುವುದೇ ಇಲ್ಲ, ಅದೇ ಇನ್ನೂ ಎಳೆಗೂಸು, ಎಷ್ಟೋ ಸಲ ಹೆಣ್ಣೂ ಅಲ್ಲ. ಅಂದರೆ ತಾವು ತಾಯಿ ಎಂದು ಮೆರೆಸುತ್ತಿರುವವರು ಮದುವೆಯಾಗದ ಒಬ್ಬ ಹುಡುಗನೂ ಆಗಿರಬಹುದು. ಇಷ್ಟು ಸುಳ್ಳು ವಂಶಾವಳಿ ತೆಗೆದುಕೊಂಡು ನಮ್ಮ ನಾಡಕಚೇರಿಗೆ ಹೋದರೆ ಅಲ್ಲಿನ ಜವಾನನೂ ತಮ್ಮನ್ನು ಬಾಗಿಲಲ್ಲೇ ತಡೆಯುತ್ತಾನೆ. ಈ ವಾದವನ್ನೆಲ್ಲ ನಾನು ಅಮ್ಮನ ಮುಂದೆ ಮಂಡಿಸಿದೆ. ಅವರು ಉತ್ತರವಾಗಿ ಈರುಳ್ಳಿ ಬುಟ್ಟಿಯನ್ನು ನನ್ನ ಮುಂದೆ ತಳ್ಳಿದರು.

ಆದರೂ ಸಂಘಮಿತ್ರಾ ತಮ್ಮನ್ನು ಬಿಡಲಿಲ್ಲ. ವಿಜಯನಗರದ ಕಾಲೇಜು ಹುಡುಗರು ಬಂದೇ ಬರುತ್ತಾರೆ, ಹೋಟೆಲಿಗೆ ಹೊಸ ಐಟಂ ಬೇಕು ಎಂದು ಹಟ ಹಿಡಿದು, ಬೋರ್ಡ್ ಬರೆಯುವ ಕಿಟ್ಟಿಯನ್ನು ಕರೆಸಿ, 'ಒಯಾಕೊ ದೊನ್' ಎಂದು ಚೀಟಿ ಬರೆದುಕೊಟ್ಟಳು. ಕಿಟ್ಟಿ ನಮ್ಮ ಏರಿಯಾದ ಹಳೆಯ ಪೇಂಟರು. ಅಕ್ಷರ ಮುತ್ತಿನಂತೆ ಬರೆಯುತ್ತಾನೆ, ಕಷ್ಟವೇನೆಂದರೆ ತಪ್ಪು ಕಂಡರೆ ಸಹಿಸುವುದಿಲ್ಲ. ಪಾಪ ಮೇಡಂ ಅವಸರದಲ್ಲಿ ಅಕ್ಷರ ನುಂಗಿದ್ದಾರೆ ಎಂದುಕೊಂಡು, ದುಡ್ಡು ಕೇಳದೆ ತಿದ್ದಿ, ಹಳದಿ ಬಣ್ಣದಲ್ಲಿ ದಪ್ಪಗೆ 'ಒಯ್ಯಾಕೆ ದೊನ್ನೆ' ಎಂದು ಬರೆದು ತೂಗುಹಾಕಿಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಹೋಟೆಲಿನ ಮುಂದೆ ಡೆಲಿವರಿ ಹುಡುಗರ ಬೈಕುಗಳ ಜಾತ್ರೆ. ಮುಂದೆ ನಿಂತವನು ಕೊಪ್ಪಳದ ಕಡೆಯ ಅಮರೇಶ. "ಅಣ್ಣಾರ, ಒಯ್ಯಾಕ ಇಲ್ಲೇ ಕೊಡ್ತೀರಲ್ರೀ? ಬೋರ್ಡ್ ಹಾಕೀರಿ, ಛಲೋ ಮಾಡಿದ್ರಿ ನೋಡ್ರಿ, ದಿನಾ ಬ್ಯಾರೆ ಹೋಟೆಲ್ ಮುಂದ ಬಿಸಲಾಗ ಕಾದು ಸಾಕಾಗಿತ್ತು" ಎಂದು ಬಾಯಿ ತುಂಬ ಹರಸಿದ. ಅವನ ಊರಿನಲ್ಲಿ ಒಯ್ಯಾಕ ಎಂದರೆ ಹೊತ್ತುಕೊಂಡು ಹೋಗಲು. ಹಾಗಾಗಿ ತಾವು ಪಾರ್ಸಲ್ ಕೌಂಟರು. ಇಷ್ಟು ದೂರದಿಂದ ಬಂದು, ತಮ್ಮ ಹೆಸರಿಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಇಷ್ಟು ಚೆನ್ನಾದ ಅರ್ಥವಿದೆ ಎಂದು ತಾವು ಒಂದು ಮಾತೂ ತಿಳಿಸಲಿಲ್ಲವಲ್ಲ! ಸಂಘಮಿತ್ರಾಳಂತೂ ನಕ್ಕು ನಕ್ಕು ಸುಸ್ತಾದಳು. ದೊನ್, ದೊನ್ನೆ, ಅದೂ ಬಟ್ಟಲು, ಇದೂ ಬಟ್ಟಲು, ಎರಡು ದೇಶದ ಪದಗಳು ಅಕ್ಕತಂಗಿಯರಂತಿವೆ, ಇರಲಿ ಬಿಡಿ ಎಂದಳು. ಅಮ್ಮ ಅಡುಗೆಮನೆಯಿಂದ ಹೊರಬಂದು, ಅಕ್ಷರ ಕೂಡಿಸಿ ಕೂಡಿಸಿ ಬೋರ್ಡು ಓದಿ, "ದೊನ್ನೆ ಅಂತ ಬರೀಬೇಡ ಕಣೇ" ಎಂದರು. "ಅಯ್ಯೋ ಅಜ್ಜಿ, ಇದು ನಮ್ ದೊನ್ನೆ ಅಲ್ಲ, ಜಪಾನ್ ದೊನ್ನೆ. ಸ್ಟೀಲ್ ಬಟ್ಲಲ್ಲೇ ಕೊಡೋದು" ಎಂದಳು ಇವಳು. ಅಮ್ಮ ಒಳಗೆ ಹೋದರು.

ಒಯ್ಯುವವರ ಕಾಟ ತಪ್ಪಲೆಂದು ಎರಡನೆಯ ಬೋರ್ಡು ಅಚ್ಚಕನ್ನಡದಲ್ಲಿ ಬಂತು: 'ತಾಯಿ ಮಗು ದೊನ್ನೆ'. ಅದರ ಫಲವನ್ನು ವರ್ಣಿಸಲು ನನ್ನ ಲೇಖನಿ ಸಾಲದು. ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮೂವರು ಬಸುರಿಯರು, ಇಬ್ಬರು ಬಾಣಂತಿಯರು, ಅವರ ಅತ್ತೆಯರು, ಸೊಂಟದ ಮೇಲೆ ಕೂಸುಗಳು. ಎಲ್ಲರ ಕೈಯಲ್ಲೂ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ತಾಯಿ ಕಾರ್ಡು. ತಾಯಿ ಮಗು ಆಸ್ಪತ್ರೆ ಇದೆ, ತಾಯಿ ಮಗು ವಾರ್ಡು ಇದೆ, ಈಗ ಸರ್ಕಾರದವರು ತಾಯಿ ಮಗು ಊಟವನ್ನೂ ಶುರುಮಾಡಿದ್ದಾರೆ ಎಂದು ಮೂಡಲಪಾಳ್ಯದ ನಲ್ಲಿಯಿಂದ ನಲ್ಲಿಗೆ ಸುದ್ದಿ ಹಬ್ಬಿತ್ತು. "ಸಾರ್, ಕಾರ್ಡ್ ಜೆರಾಕ್ಸ್ ಬೇಕಾ, ಇದೇ ಸಾಕಾ?" ಎಂದು ಒಬ್ಬರು ಕೇಳಿದರು. ಅಂಗನವಾಡಿ ಟೀಚರು ಬಂದು, ತಮಗೆ ಆದೇಶದ ಪ್ರತಿ ಏಕೆ ಬಂದಿಲ್ಲವೆಂದು ನನ್ನನ್ನೇ ದಬಾಯಿಸಿದರು. ನಾನು ಇದು ಜಪಾನ್ ದೇಶದ ಖಾದ್ಯವೆಂದು ವಿವರಿಸಿದೆ. ಹಾಗಾದರೆ ಜಪಾನ್ ಸರ್ಕಾರದ ಯೋಜನೆಯೋ ಎಂದು ಅವರು ಬರೆದುಕೊಳ್ಳಲು ಹೊರಟರು. ಅಷ್ಟರಲ್ಲಿ ಅಮ್ಮ ಬಂದರು. "ಹೊಟ್ಟೆ ಹೊತ್ಕೊಂಡು ಬಂದೋರ್ನ ಬಾಗಿಲಲ್ಲಿ ನಿಲ್ಸಿ ಏನೋ ಪುರಾಣ ಹೇಳ್ತಾ ಇದೀಯ? ಬರ್ರಮ್ಮ, ಕೂತ್ಕೊಳಿ" ಎಂದು ಎಲ್ಲರನ್ನೂ ಕೂರಿಸಿ, ತಟ್ಟೆ ಹಾಕಿ, ಮುದ್ದೆ ಸಾರು ಬಡಿಸಿ, ಒಬ್ಬರಿಂದಲೂ ಕಾಸು ಮುಟ್ಟಲಿಲ್ಲ. ಕಲಾ ಗಲ್ಲಾದ ಹಿಂದೆ ತಲೆ ಮೇಲೆ ಕೈ ಹೊತ್ತು ಕೂತಳು. ಆ ದಿನ ಅಮ್ಮ ಖುಷಿಯಾಗಿಯೇ ಇದ್ದರೆಂದು ನನಗೆ ಚೆನ್ನಾಗಿ ನೆನಪಿದೆ.

ಕೆಟ್ಟದ್ದು ಮೂರನೆಯ ಬೋರ್ಡಿನಿಂದ. ತಾಯಿ ಮಗುವನ್ನು ಒಟ್ಟಿಗೆ ಬೇಯಿಸುವುದು ಅಜ್ಜಿಗೆ ನೋವಾಗುತ್ತಿದೆ ಎಂದು ಸಂಘಮಿತ್ರಾ ಯೋಚಿಸಿ ಯೋಚಿಸಿ, ತಮ್ಮದೇ ಕುಲದ ಇನ್ನೊಬ್ಬರನ್ನು ಹುಡುಕಿ ತಂದಳು. ಅವರ ಹೆಸರು ತನಿನ್‌ದೊನ್. ಅಲ್ಲಿ ಮೊಟ್ಟೆಯ ಜೊತೆ ಕೋಳಿಯ ಬದಲು ಬೇರೆ ಮಾಂಸ ಹಾಕುತ್ತಾರೆ, ಒಬ್ಬರಿಗೊಬ್ಬರು ಸಂಬಂಧವಿಲ್ಲ, ಆದ್ದರಿಂದ 'ಪರರ ಬಟ್ಟಲು'. ಮಟನ್ ಖೀಮಾ ಹಾಕಿದರೆ ಅಜ್ಜಿಗೂ ಸಮಾಧಾನ ಎಂದು ಪ್ರೀತಿಯಿಂದ ಮಾಡಿದ ಏರ್ಪಾಟು ಅದು. ಚೀಟಿಯಲ್ಲಿ 'ಪರರ ದೊನ್' ಎಂದು ಬರೆದುಕೊಟ್ಟಳು. "ಪರರು ಅಂದ್ರೆ ಇಲ್ಲಿ ಯಾರ್ಗೆ ಅರ್ಥ ಆಗುತ್ತೆ ಮೇಡಂ?" ಎಂದು ತನ್ನೊಳಗೇ ಮರುಗಿದ ಕಿಟ್ಟಿ, ಎಲ್ಲರಿಗೂ ತಿಳಿಯುವ ಹಾಗೆ 'ಹೊರಗಿನವರ ದೊನ್ನೆ' ಎಂದು ಬರೆದು ಬಾಗಿಲಿಗೆ ಮೊಳೆ ಹೊಡೆದು ಹೋದ. ಅಮ್ಮ ಅದನ್ನು ಓದಿದರು. ಒಳಗೆ ಬಂದು ಒಲೆ ಆರಿಸಿದರು. ಏನಾಯಿತಮ್ಮ ಎಂದರೆ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡರು, ಅಜ್ಜಿ ಅಜ್ಜಿ ಎಂದು ಇವಳು ಹಿಂದೆ ಓಡಿದರೆ ತಿರುಗಿಯೂ ನೋಡಲಿಲ್ಲ, ಸೀದಾ ಅತ್ತಿಗುಪ್ಪೆ ಸ್ಟೇಷನ್ನಿಗೆ ನಡೆದು ಮೆಟ್ರೊ ಹತ್ತಿಬಿಟ್ಟರು.

ಅಂದಿನಿಂದ ಸಾರು ಮಾಡುತ್ತಿರುವವನು ನಾನು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನವೂ ಬರುತ್ತಿದ್ದ ಕಂಡಕ್ಟರೊಬ್ಬರು ಎರಡು ತುತ್ತು ತಿಂದು, "ಮಹೇಶಣ್ಣ, ಬೇಜಾರ್ ಮಾಡ್ಕೊಬೇಡಿ, ಇದು ಕೋಳಿ ಸಾರಾ, ಕೋಳಿ ತೊಳೆದ ನೀರಾ?" ಎಂದು ಕೇಳಿ ಎದ್ದುಹೋದರು. ಮಧ್ಯಾಹ್ನದ ಹೊತ್ತು ಅರ್ಧ ಮೇಜು ಖಾಲಿ. ಸಂಘಮಿತ್ರಾ ಕೆಲಸದಿಂದ ಬಂದವಳೇ ಅಡುಗೆಮನೆಯಲ್ಲಿ ಅಜ್ಜಿಯ ಮಣೆಯ ಮೇಲೆ ಕೂತು ಮೊಬೈಲು ನೋಡುತ್ತಾಳೆ, ಫೋನು ಮಾಡುತ್ತಾಳೆ, ಆ ಕಡೆ ಎತ್ತುವುದಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು ಹೀಗಿವೆ. ತಾವು ತಕ್ಷಣ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, 'ಈ ದಿನದಿಂದ ನನ್ನನ್ನು ಒಯಾಕೊದೊನ್ ಎಂದು ಯಾರೂ ಕರೆಯತಕ್ಕದ್ದಲ್ಲ' ಎಂದು ಕನ್ನಡ ದಿನಪತ್ರಿಕೆಯೊಂದರಲ್ಲಿ ಪ್ರಕಟಿಸಬೇಕು. ತಮ್ಮೊಳಗಿನ ಕೋಳಿಯವರೂ ಮೊಟ್ಟೆಯವರೂ ಒಬ್ಬರಿಗೊಬ್ಬರು ಯಾವ ಸಂಬಂಧವೂ ಇಲ್ಲವೆಂದು ಬೇರೆಬೇರೆಯಾಗಿ ಹೇಳಿಕೆ ಕೊಡಬೇಕು, ಒಬ್ಬರು ಹೇಳುವಾಗ ಇನ್ನೊಬ್ಬರು ಬಾಣಲೆಯಿಂದ ಹೊರಗಿರಬೇಕು. ತದನಂತರ ತಾವು ಖುದ್ದಾಗಿ ಕೆಂಗೇರಿ ಉಪನಗರಕ್ಕೆ ಹೋಗಿ, ಮೆಟ್ರೊ ಪರ್ಪಲ್ ಲೈನಿನಲ್ಲಿ ಸಾರು ಚೆಲ್ಲದಂತೆ ಕೂತು, ನನ್ನ ತಾಯಿಯ ಕಾಲು ಹಿಡಿದು ಕರೆತರಬೇಕು. ಇದಿಷ್ಟೂ ಆಗದ ಮಾತು ಎನ್ನುವುದಾದರೆ, ಎರಡು ದೇಶಗಳ ಸ್ನೇಹದ ಹೆಸರಿನಲ್ಲಿ ತಮ್ಮ ದೇಶದ ಒಬ್ಬ ತಾಯಿಯನ್ನಾದರೂ ನಮ್ಮ ಸಾರು ಮಾಡಲು ಕಳಿಸಿಕೊಡಬೇಕು. ಖಾರ ಹಾಕುವುದನ್ನು ಕಲಾ ಹೇಳಿಕೊಡುತ್ತಾಳೆ.

ಇಷ್ಟು ಬರೆದು ಪತ್ರವನ್ನು ಗಲ್ಲಾದಲ್ಲಿಟ್ಟು, ತಮ್ಮ ಉತ್ತರ ಕಾಯುವಷ್ಟು ತಾಳ್ಮೆ ಇಲ್ಲದೆ ನಾನೇ ಕೆಂಗೇರಿಗೆ ಹೊರಟೆ. ಆದುದರಿಂದ ಇಲ್ಲಿಂದ ಮುಂದಿನ ಭಾಗದ ಧಾಟಿ ಬೇರೆಯಾಗಿದ್ದರೆ ಕ್ಷಮಿಸಬೇಕು.

ಅಂಜಮ್ಮ ಚಿಕ್ಕಮ್ಮನ ಮನೆಯ ನಡುಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ, ಕಾಯಿ ಸುಲಿಯುವುದನ್ನು ಜೋರು ಮಾಡಿದರು. ನಾನು ಕೂತು, ಅಮ್ಮ, ಕೋಳಿಗೂ ಮೊಟ್ಟೆಗೂ ಸಂಬಂಧವೇ ಇಲ್ಲ, ಪಾಪ ಏನೂ ಬರುವುದಿಲ್ಲ ಎಂದು ನನ್ನ ಹಳೆಯ ವಾದವನ್ನು ಮತ್ತೆ ತೆಗೆದೆ. ಚಿಕ್ಕಮ್ಮನಿಗೆ ರೇಗಿಹೋಯಿತು. "ಲೋ ಮಂಕೇ, ಕೋಳಿಗ್ಯಾರೋ ಅಳ್ತಾರೆ? ನಿಮ್ಮಮ್ಮ ಕೋಳಿಗೆ ಮುನಿಸ್ಕೊಂಡು ಬಂದವ್ಳೆ ಅಂದ್ಕೊಂಡಾ?" ಎಂದು ಬೈದು, ಅಮ್ಮ ಬೇಡ ಬೇಡವೆಂದು ಕೈಯಾಡಿಸುತ್ತಿದ್ದರೂ ಬಿಡದೆ ಹೇಳಿದರು. "ನಾವು ಸಣ್ಣೋರಿದ್ದಾಗ ಊರೊಳಗಿನೋರ ಹೊಲಕ್ಕೆ ಕಳೆ ಕೀಳಕ್ಕೆ ಹೋಗ್ತಿದ್ವಿ. ಮಧ್ಯಾಹ್ನ ಎಲ್ರಿಗೂ ಜಗಲಿ ಮೇಲೆ ತಟ್ಟೆ. ನಮ್ಗೆ ಅಂಗಳದಾಚೆ, ಕೊಟ್ಟಿಗೆ ಹತ್ರ. ಹೊರಗ್ನೋರ ದೊನ್ನೆ ತಗೊಂಬಾ ಅನ್ನೋರು. ಮೇಲಿಂದ ಎತ್ತಿ ಸುರಿಯೋರು, ದೊನ್ನೆ ತೂತಾದ್ರೆ ಸಾರೆಲ್ಲ ಮೊಣಕೈಗೆ. ತಿಂದ್ಮೇಲೆ ಅದ್ನ ನಾವೇ ದೂರ ಬಿಸಾಕ್ಬೇಕು, ಕೂತಿದ್ ಜಾಗ ಸಗಣಿ ಹಾಕಿ ಸಾರಿಸ್ಬೇಕು. ನಾನು ಮರ್ತೆ, ಇವ್ಳು ಮರೀಲಿಲ್ಲ. ಬಂದೋರ್ನೆಲ್ಲ ಕೂರ್ಸಿ ತಟ್ಟೇಲಿ ಬಡಿಸ್ಬೇಕು ಅಂತಾನೇ ಕಣೋ ಇವ್ಳು ಹೋಟ್ಲು ಇಟ್ಟಿದ್ದು. ಅದ್ರ ಬಾಗ್ಲಿಗೇ ಅದೇ ಮಾತು ಬರ್ಸಿ ಹೊಡ್ದಿದ್ದೀರಲ್ಲ!"

ಮಾನ್ಯರೇ, ನನಗೆ ಇದು ಗೊತ್ತಿರಲಿಲ್ಲ. ಆ ಹೋಟೆಲಿನ ಅನ್ನ ತಿಂದೇ ಬೆಳೆದ ನನಗೆ, ಗಲ್ಲಾದ ಮೇಲೆ ಮಾಲೀಕನ ಹಾಗೆ ಕೂರುವ ನನಗೆ, ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆ ಜಗಲಿಯವರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದೆ ನಾನೂ ಅವರೆಕಾಯಿ ಸುಲಿಯಲು ಕೂತೆ. ಮಗಳಿಗೆ ಫೋನು ಮಾಡಿ, ಕೆಲಸ ಮುಗಿಸಿ ನೇರ ಕೆಂಗೇರಿಗೆ ಬಾ ಎಂದೆ.

ಸಂಘಮಿತ್ರಾ ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ಬಂದಳು. ಚಿಕ್ಕಮ್ಮ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದರು. ಅವಳು ಒಳಗೆ ಬಂದು ಅಜ್ಜಿಯ ಮುಂದೆ ಕೂತು, "ನಂಗ್ಯಾಕ್ ಅಜ್ಜಿ ಹೇಳ್ಲಿಲ್ಲ?" ಎಂದು ಒಂದೇ ಮಾತು ಕೇಳಿದಳು. ಕಣ್ಣು ಕೆಂಪಾಗಿತ್ತು. "ಯಾಕ್ ಹೇಳ್ಲಿ? ನಿನ್ ಕಿವಿಗೆ ಅದು ಬೀಳ್ದೇ ಇರ್ಲಿ ಅಂತಾನೇ ಅಲ್ವೇನೇ ಇಷ್ಟ್ ವರ್ಸ ಬಾಯ್ ಮುಚ್ಕೊಂಡಿದ್ದು" ಎಂದರು ಅಮ್ಮ. ಮಾತು ಬಿಟ್ಟ ಮೇಲೆ ಅವಳಿಗೆ ಅವರಾಡಿದ ಮೊದಲ ಮಾತು ಅದು. ಅಂಜಮ್ಮ ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತ ಕಾಫಿ ತರಲು ಎದ್ದರು.

ಕಾಫಿ ಬರುವಷ್ಟರಲ್ಲಿ ಅಮ್ಮನೇ ಕೇಳಿದರು. "ಅದೇನೋ ದೊನ್ನು ಅಂತೀಯಲ್ಲ, ಅವ್ರ ದೇಶದಲ್ಲಿ ಅದ್ನ ಯಾತ್ರಲ್ಲಿ ಹಾಕ್ತಾರೆ?" ಪಿಂಗಾಣಿ ಬಟ್ಟಲಲ್ಲಿ ಎಂದಳು ಇವಳು. "ನಿಮ್ ಸಾಹೇಬರಿಗೂ? ನೆಲ ಒರೆಸೋರಿಗೂ?" ಎಲ್ಲರಿಗೂ ಒಂದೇ ತರದ್ದು ಅಜ್ಜಿ, ಅಲ್ಲಿನ ಕಾರ್ಖಾನೆ ಕ್ಯಾಂಟೀನಿನಲ್ಲಿ ಎಲ್ಲರೂ ಅದನ್ನೇ ಕೈಯಲ್ಲಿ ಎತ್ತಿ ಹಿಡಿದು ತಿನ್ನುತ್ತಾರೆ ಎಂದಳು. "ತಿಂದ್ಮೇಲೆ?" ತಿಂದ ಮೇಲೆ ಏನಜ್ಜಿ, ತೊಳೆದು ಇಡುತ್ತಾರೆ. "ತೊಳ್ದು, ಮತ್ತೆ ಅದ್ರಲ್ಲೇ ಇನ್ನೊಬ್ರಿಗೆ ಹಾಕ್ತಾರಾ?" ಹೂಂ ಅಜ್ಜಿ, ಮತ್ತೆ ಅದರಲ್ಲೇ.

ಅಮ್ಮ ಅವರೆಕಾಯಿ ಸಿಪ್ಪೆಯನ್ನು ಸೀರೆಯಿಂದ ಕೊಡವಿಕೊಂಡು ಎದ್ದರು. "ಹಂಗಾದ್ರೆ ಒಳ್ಳೇ ಜನ ಕಣೇ. ನಡಿ, ನಾಳೆ ಮಾಡಾಣ" ಎಂದು ಗೂಟದಲ್ಲಿದ್ದ ಬಟ್ಟೆಯ ಚೀಲ ತೆಗೆದು ಮೊಮ್ಮಗಳ ಹೆಗಲಿಗೆ ಹಾಕಿದರು.

ಆದಕಾರಣ, ತಮ್ಮ ಮೇಲಿನ ನನ್ನ ಫಿರ್ಯಾದನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ತಮ್ಮ ಹೆಸರಿನ ಮೊದಲೆರಡು ಭಾಗಗಳ ಮೇಲೆ ನಾವು ಇಷ್ಟೆಲ್ಲ ರಂಪ ಮಾಡಿದೆವು, ಮೂರನೆಯದರ ಅರ್ಥವನ್ನು ಸರಿಯಾಗಿ ಕೇಳಿದವರು ಅಮ್ಮ ಒಬ್ಬರೇ. ಕಿಟ್ಟಿ ಹೊಸ ಬೋರ್ಡು ಬರೆದಿದ್ದಾನೆ. ಈ ಸಲ ಅಮ್ಮ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರಿಂದ ಒಂದಕ್ಷರವನ್ನೂ ತಿದ್ದುವ ಧೈರ್ಯ ಮಾಡಲಿಲ್ಲ. 'ಕೋಳಿ ಮೊಟ್ಟೆ ಬಟ್ಟಲು. ಒಳಗೆ ಬನ್ನಿ, ಕೂತು ತಿನ್ನಿ' ಎಂದಿದೆ. ನನ್ನನ್ನು ಸಾರಿನ ಹತ್ತಿರ ಸುಳಿಯದಂತೆ ನಿಷೇಧಿಸಲಾಗಿದೆ. ಕಂಡಕ್ಟರು ವಾಪಸು ಬಂದಿದ್ದಾರೆ. ತಾವು ಎಷ್ಟು ದಿನ ಬೇಕಾದರೂ ನಮ್ಮಲ್ಲಿ ಇರಬಹುದು.

ಇಂತೀ ಬಟ್ಟಲು ತೊಳೆಯುವ ಕೆಲಸ ಹೊಸದಾಗಿ ಪಾಲಿಗೆ ಬಂದಿರುವ,
ತಮ್ಮ ವಿಶ್ವಾಸಿ,
ಮಹೇಶ್
ಮುನಿತಾಯಮ್ಮನವರ ಮಗ, ಮೂಡಲಪಾಳ್ಯ

ತಾ. ಕ.: ತಮ್ಮೊಳಗಿನ ಸಕ್ಕರೆಯನ್ನು ಅಮ್ಮ ಪೂರ್ತಿ ತೆಗೆದುಹಾಕಿ ಹಸಿಮೆಣಸಿನಕಾಯಿ ಜಜ್ಜಿ ಸೇರಿಸಿದ್ದಾರೆ, ಆಕ್ಷೇಪಣೆ ಇದ್ದರೆ ಅವರ ಮುಂದೆಯೇ ಹೇಳತಕ್ಕದ್ದು. ಇನ್ನೊಂದು ಸಂಗತಿ. ನಿನ್ನೆ ಬಸವೇಶ್ವರನಗರದ ಕಡೆಯಿಂದ ದೊಡ್ಡ ಕಾರಿನಲ್ಲಿ ಬಂದ ಮಹನೀಯರೊಬ್ಬರು ಸ್ಟೀಲ್ ಬಟ್ಟಲನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, "ದೊನ್ನೆ ಇಲ್ವಾ? ಇದ್ರಲ್ಲಿ ಯಾರ್ ಯಾರ್ ತಿಂದಿರ್ತಾರೋ ಏನೋ" ಎಂದರು. ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಹೂಂ ಸಾಮಿ, ಎಲ್ರೂ ತಿಂದವ್ರೆ. ಈಗ ನಿಮ್ ಸರದಿ, ಕೂತ್ಕೊಳಿ" ಎಂದರು. ಅವರು ಕೂತರು.